ಇಪ್ಪತ್ನಾಲ್ಕನೇ ನಂಬರಿನ ಕೊಳಲು

ಹಂಪಸಾಗರ ಕ್ರಾಸಿನಲ್ಲಿ ಬಸ್ಸು ಹತ್ತುವಾಗಲೇ ಕಂಡಕ್ಟರ್ ಆ ಗಂಟಿನ ಮೇಲೆ ಕಣ್ಣು ಹಾಕಿದ್ದ. ಅದನ್ನು ಕರಿಕಂಬಳಿಯಲ್ಲಿ ಸುತ್ತಿ, ಎರಡೂ ತುದಿಗೆ ಹಗ್ಗ ಬಿಗಿದು, ಸೀಟುಗಳ ನಡುವೆ ನೆಟ್ಟಗೆ ನಿಲ್ಲಿಸಿ ತಬ್ಬಿ ಹಿಡಿದಿದ್ದ ಬೀರಲಿಂಗೇಶ. ಯಾರ ಕಣ್ಣಿಗೂ ಬೀಳಬಾರದು ಎಂದುಕೊಂಡಷ್ಟೂ ಎಲ್ಲರ ಕಾಲಿಗೂ ಅಡ್ಡವಾಗುತ್ತಿದ್ದ.

“ಏನ್ರೀ ಅದು?”

“ಕೀಬೋರ್ಡ್ ರೀ.”

“ಕಂಪ್ಯೂಟರಿಂದೇನು?”

“ಅಲ್ರೀ, ಬಾರ್ಸೋದು.”

“ಬಾರ್ಸೋದಾದ್ರೇನು, ಬಡಿಯೋದಾದ್ರೇನು, ಲಗೇಜ್ ಲಗೇಜೇ. ತಗೀರಿ ಟಿಕೀಟು.”

ಕಿಟಕಿಗೆ ಆತು ಕೂತಿದ್ದ ತಾಯಿ ಮೈಲಮ್ಮ ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡು ತೋರಿಸಿದಳು. ಕಂಡಕ್ಟರ್ ಅದನ್ನು ಸರಿಯಾಗಿ ನೋಡದೆಯೇ ಚೀಟಿ ಹರಿದುಕೊಟ್ಟು, “ಅವ್ವಗ ಫ್ರೀ. ಈ ಪೆಟ್ಟಿಗಿ ಗಂಡಸು, ಇದಕ್ಕ ಫ್ರೀ ಇಲ್ಲ” ಎಂದ. ಬಸ್ಸೆಲ್ಲ ನಕ್ಕಿತು. ಬೀರಲಿಂಗೇಶನೂ ನಕ್ಕ. ನಗದಿದ್ದರೆ ಸಿಟ್ಟು ಬಂದಿದೆ ಎಂದು ಜನಕ್ಕೆ ಗೊತ್ತಾಗಿಬಿಡುತ್ತದಲ್ಲ. ನಲವತ್ತೈದು ದಾಟಿದರೂ ಇಂಥ ಕಡೆಯೆಲ್ಲ ಮೊದಲು ನಕ್ಕು ಆಮೇಲೆ ಒಳಗೊಳಗೇ ಬೇಯುವುದು ಅವನಿಗೆ ಬಿಟ್ಟಿರಲಿಲ್ಲ.

ಡ್ರೈವರ್ ಹಳೆಯ ಸಿನಿಮಾ ಹಾಡೊಂದನ್ನು ಹಾಕಿದ. ಮೊದಲ ಎರಡು ಸ್ವರ ಬಿದ್ದದ್ದೇ ತಡ, ಬೀರಲಿಂಗೇಶನ ಬಾಯಲ್ಲಿ ‘ಹನ್ನೊಂದು’ ಎಂದು ಬಂದುಬಿಟ್ಟಿತು. ಹನ್ನೊಂದು ಎಂದರೆ ಈ ಯಂತ್ರದ ಹನ್ನೊಂದನೇ ಗುಂಡಿ, ಎಲೆಕ್ಟ್ರಿಕ್ ಪಿಯಾನೋ, ನೀರಿನ ತಂಬಿಗೆಗೆ ಚಮಚ ತಾಗಿದ ಹಾಗಿನ ಶಬ್ದ. ಹಾಡಿನ ಕೆಳಗೆ ಗುಮ್ಮೆನ್ನುತ್ತಿದ್ದ ಬೇಸ್ ಹದಿನೈದು. ಚರಣಕ್ಕೆ ಮುಂಚೆ ಒಂದು ಗಂಟೆ ಬಾರಿಸುತ್ತದೆ, ಅದು ಇಪ್ಪತ್ತಾರು. ಇಷ್ಟೂ ಈಗ ತನ್ನ ತೋಳಲ್ಲಿರುವ ಈ ಯಂತ್ರದ ಜಾತಿಯದರಿಂದಲೇ ಹುಟ್ಟಿದ್ದು ಎಂದು ಆ ಬಸ್ಸಿನಲ್ಲಿ ಯಾರಿಗಾದರೂ ಹೇಳಬೇಕೆಂದು ಅವನ ನಾಲಿಗೆ ತುರಿಸಿತು. ಆದರೆ ಯಾರಿಗೆ? ಕಂಡಕ್ಟರನಿಗೆ? ಈ ಚಟ ಹತ್ತಿದ್ದು ಹಡಗಲಿಯ ಗುರುಬಸವರಾಜನ ಸೌಂಡ್ ಸಿಸ್ಟಮ್ ಅಂಗಡಿಯಲ್ಲಿ. ಯಾವುದೋ ಮುಚ್ಚಿಹೋದ ಸ್ಟುಡಿಯೋದ ಸಾಮಾನಿನ ಜೊತೆ ಬಂದಿದ್ದ ಡಿಎಕ್ಸ್ ಸೆವೆನ್ ಎಂಬ ಈ ಹಳೆಯ ಕೀಬೋರ್ಡು ಅಲ್ಲಿ ಹೊಗೆ ಹಿಡಿದ ಆಂಪ್ಲಿಫೈಯರುಗಳ ಕೆಳಗೆ ಬಿದ್ದುಕೊಂಡಿತ್ತು. ಕಂದು ಮೈ, ಮುಟ್ಟಿದರೆ ಒತ್ತಿದೆವೋ ಇಲ್ಲವೋ ತಿಳಿಯದ ಚಪ್ಪಟೆ ಗುಂಡಿಗಳು. ಒಳಗಿನ ಬ್ಯಾಟರಿ ಸತ್ತು ಹೋಗಿತ್ತು, ಆದರೆ ವಾದ್ಯಗಳ ದನಿಗಳನ್ನು ತುಂಬಿಟ್ಟಿದ್ದ ಪುಟ್ಟ ಡಬ್ಬಿ ಬೆನ್ನಲ್ಲೇ ಸಿಕ್ಕಿಸಿಕೊಂಡಿತ್ತು. “ಒಯ್ಯಲೇ ಬೀರಾ, ಗುಜರಿಗೆ ಹಾಕೋದಕ್ಕಿಂತ ನಿನ್ನ ಮನ್ಯಾಗರ ಇರಲಿ” ಎಂದು ಗುರುಬಸವರಾಜನೇ ಎತ್ತಿಕೊಟ್ಟಿದ್ದ. ಬೀರಲಿಂಗೇಶ ಮದುವೆ ಆರ್ಕೆಸ್ಟ್ರಾಗಳಲ್ಲಿ ಹೊಸ ಕೀಬೋರ್ಡು ಬಾರಿಸುತ್ತಿದ್ದವನು. ಅವುಗಳಲ್ಲಿ ಸಾವಿರ ದನಿಗಳಿದ್ದರೂ ಒಂದಕ್ಕೂ ಮುಖವಿರಲಿಲ್ಲ. ಈ ಹಳೆಯದರ ಮೂವತ್ತೆರಡು ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಹೋದಂತೆ, ತಾನು ಹುಡುಗನಾಗಿದ್ದಾಗ ಕೇಳಿದ ಕ್ಯಾಸೆಟ್ಟುಗಳೆಲ್ಲ ಅದರೊಳಗೆ ಕೂತಿರುವುದು ಕಂಡು ಅವನಿಗೆ ಹುಚ್ಚೇ ಹಿಡಿಯಿತು. ಆಮೇಲೆ ಅದೊಂದು ಆಟವಾಯಿತು. ಗುರುಬಸವರಾಜ ಹಳೆಯ ಕ್ಯಾಸೆಟ್ಟು ಹಾಕುವುದು, ಇವನು ಕಣ್ಣು ಮುಚ್ಚಿ ನಂಬರು ಹೇಳುವುದು. ದೇವಿಯ ಹಾಡಿನ ಗುಡಿಗಂಟೆ? ಇಪ್ಪತ್ತಾರು. ನಾಟಕದ ಹಾಡಿನ ತುತ್ತೂರಿ? ಒಂದು. ಹೋಟೆಲಿನಲ್ಲಿ, ಮದುವೆ ಮನೆಯಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲಿ ಹಾಡು ಕೇಳಿದರೂ ಅವನ ಬೆರಳು ತೊಡೆಯ ಮೇಲೆ ನಂಬರು ಬರೆಯುತ್ತಿತ್ತು. ಜೀವನದಲ್ಲಿ ಒಂದೇ ಒಂದು ವಿಷಯವಾದರೂ ತನಗೆ ತಪ್ಪದೆ ಗೊತ್ತಿದೆ ಎಂಬ ಸುಖ ಅವನಿಗೆ ಹೊಸದು.

ಆ ಸುಖ ಹೋದ ಚೈತ್ರದವರೆಗೆ ಇತ್ತು. ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತಿದ್ದ. ಒಳಗೆ ಮೈಲಮ್ಮ ಎಂದಿನಂತೆ ಗಂಡನ ಕ್ಯಾಸೆಟ್ಟು ಹಚ್ಚಿದ್ದಳು. ಕ್ಯಾಸೆಟ್ಟು ಎಂದು ಅವಳು ಕರೆಯುತ್ತಿದ್ದಳು ಅಷ್ಟೇ, ಈಗ ಅದು ಅಂಗೈಯಷ್ಟಗಲದ ಸ್ಪೀಕರಿಗೆ ಚುಚ್ಚಿದ ಪೆನ್ ಡ್ರೈವು. ‘ಹಟ್ಟಿಗೆ ಬಂದ ಬೀರಣ್ಣ.’ ಹಗರಿಬೊಮ್ಮನಹಳ್ಳಿಯಿಂದ ಹರಪನಹಳ್ಳಿಯವರೆಗೆ ಕುರಿ ಸಾಕುವ ಯಾವ ಮನೆಯಲ್ಲೂ ಆ ಆಲ್ಬಮ್ ಕೇಳದವರಿಲ್ಲ. ಅದರ ಹೊದಿಕೆಯ ಮೇಲೆ ಗಾಯಕರ ಹೆಸರಿನ ಕೆಳಗೆ ‘ಕೊಳಲು: ಕುರಿಗಾಹಿ ಅಜ್ಜಯ್ಯ’ ಎಂದು ಅಚ್ಚಾಗಿತ್ತು. ಅಜ್ಜಯ್ಯ ಎಂದರೆ ಅವನ ಅಪ್ಪ. ಮೊದಲ ಹಾಡು ಶುರುವಾಗುವ ಮುಂಚೆ ಕೊಳಲೊಂದೇ ಬಹಳ ಹೊತ್ತು ನುಡಿಯುತ್ತದೆ. ಅದನ್ನು ಕೇಳಿ ಅತ್ತವರಿದ್ದಾರೆ, ಮಕ್ಕಳಿಗೆ ಅಜ್ಜಯ್ಯನೆಂದು ಹೆಸರಿಟ್ಟವರಿದ್ದಾರೆ. ಬೀರಲಿಂಗೇಶ ಹುಟ್ಟಿದಂದಿನಿಂದ ಎನ್ನುವಷ್ಟು ಕೇಳಿದ್ದ ಅದನ್ನು. ಅವತ್ತು ಬಾಯಲ್ಲಿ ಬ್ರಷ್ಷು ಇದ್ದಾಗ, ಆ ಮೊದಲ ಸ್ವರದ ಬಾಗಿಲಲ್ಲೇ ಒಂದು ಸಣ್ಣ ‘ಫೂ’ ಕೇಳಿಸಿತು. ಎರಡನೆಯ ಸ್ವರದ ಬಾಗಿಲಲ್ಲೂ ಅಷ್ಟೇ ಅಳತೆಯ ‘ಫೂ’. ಮೂರನೆಯದಕ್ಕೂ ಅದೇ. ಉದ್ದ ಸ್ವರ ಹಿಡಿದಾಗ ನಡುಕ ಪ್ರತಿ ಸಲ ಅದೇ ಜಾಗದಲ್ಲಿ ಶುರುವಾಗುತ್ತಿತ್ತು. ಮನುಷ್ಯ ಹಾಗೆ ಊದುವುದಿಲ್ಲ. ಮನುಷ್ಯನಿಗೆ ದಣಿವಾಗುತ್ತದೆ, ಉಗುಳು ಅಡ್ಡ ಬರುತ್ತದೆ, ಒಂದು ಉಸಿರು ಹೆಚ್ಚಾಗಿ ಇನ್ನೊಂದು ಕಡಿಮೆಯಾಗುತ್ತದೆ. ಬಾಯಿ ಮುಕ್ಕಳಿಸುವುದನ್ನೂ ಮರೆತು ಅವನು ಕೋಣೆಗೆ ಹೋದ, ಯಂತ್ರಕ್ಕೆ ಕರೆಂಟು ಕೊಟ್ಟ, ಕೊಳಲಿನ ಗುಂಡಿ ಇಪ್ಪತ್ನಾಲ್ಕನ್ನು ಒತ್ತಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದೇ ಸ್ವರಗಳನ್ನು ನುಡಿಸಿದ. ಎರಡೂ ಒಂದೇ. ಎಲ್ಲ ಮುಗಿಯಿತು. ಅಪ್ಪ ಆ ಆಲ್ಬಮ್ಮಿನಲ್ಲಿ ಎಲ್ಲಿಯೂ ಇರಲಿಲ್ಲ.

ಮೈಲಮ್ಮ ಕಿಟಕಿಯಾಚೆ ಹಿನ್ನೀರು ನೋಡುತ್ತಿದ್ದಳು. ನೀರು ಸರಿದ ಕಡೆ ಯಾರೋ ಕುರಿ ಬಿಟ್ಟಿದ್ದರು. ಅವಳ ಮಡಿಲಲ್ಲಿ ಬಾಳೆ ಎಲೆಯ ಪೊಟ್ಟಣ. ನಿನ್ನೆಯೇ ಹಡಗಲಿಯಿಂದ ತರಿಸಿದ ಮಲ್ಲಿಗೆ ದಂಡೆ ಅದರೊಳಗೆ ತಣ್ಣಗೆ ಮಲಗಿತ್ತು. ಇವತ್ತು ಹಗರಿಬೊಮ್ಮನಹಳ್ಳಿಯ ಸಮಾಜದ ಭವನದಲ್ಲಿ ಅಜ್ಜಯ್ಯನ ಭಾವಚಿತ್ರ ಅನಾವರಣ ಮಾಡುತ್ತಾರೆ. ಗೋಡೆಯ ಮೇಲೆ ಇನ್ನು ಅವನು ಖಾಯಂ. ಮೊನ್ನೆ ಫೋನು ಮಾಡಿದ್ದ ಸಮಿತಿಯ ಅಧ್ಯಕ್ಷ ರಾಮಾಂಜನೇಯ, “ನೀನು ಆ ಕೊಳಲಿನ ಧಾಟಿನ ನಿನ್ನ ಪೆಟ್ಟಿಗ್ಯಾಗ ಒಂದೀಟು ಬಾರ್ಸಬೇಕು ನೋಡಪ. ಮಗ ಬಾರ್ಸಿದ ಅಂದ್ರ ಅದರ ತೂಕನಾ ಬ್ಯಾರಿ” ಎಂದಿದ್ದ. ಹೊಸ ಕೀಬೋರ್ಡು ರಿಪೇರಿಗೆ ಹೋಗಿತ್ತು, ಇದ್ದದ್ದು ಇದೊಂದೇ. ಆಗುವುದಿಲ್ಲ ಎನ್ನಲು ಬಾಯಿ ತೆರೆದಾಗ ಮೈಲಮ್ಮ ಎದುರಿಗೇ ಕೂತು ಅವನ ಮುಖ ನೋಡುತ್ತಿದ್ದಳು, ಹೂಂ ಎಂದುಬಿಟ್ಟ. ಹದಿನೇಳನೆಯ ನಂಬರಿನಲ್ಲಿ ಬಾರಿಸುವುದು ಎಂದು ಆವತ್ತೇ ನಿಶ್ಚಯ ಮಾಡಿದ್ದ. ಹದಿನೇಳು ಆರ್ಗನ್ನು, ಕೇಳುವವರಿಗೆ ಹಾರ್ಮೋನಿಯಂ ಹಾಗೆ ಕೇಳಿಸುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ತಾಯಿಗೆ ತಿಳಿಯಬಾರದು. ಗಂಡ ಹೋದ ಮೇಲೆ ಅವಳಿಗೆ ಉಳಿದಿರುವುದು ಆ ಉಸಿರೊಂದೇ. ಬೆಳಿಗ್ಗೆ ಎದ್ದು ಸ್ಪೀಕರಿನ ಮುಂದೆ ಕೂತು, ಕೊಳಲು ಮುಗಿದು ಹಾಡು ಶುರುವಾಗುವವರೆಗೆ ಅವಳು ನೀರನ್ನೂ ಕುಡಿಯುವುದಿಲ್ಲ. ಅದನ್ನು ಕಸಿದುಕೊಂಡರೆ ತನ್ನಂಥ ಪಾಪಿ ಇನ್ನೊಬ್ಬನಿಲ್ಲ ಎಂದು ಬೀರಲಿಂಗೇಶ ನಿಜವಾಗಿಯೂ ನಂಬಿದ್ದ.

“ಯಾಕಲೇ ಮಕ ಹಿಂಗ ಮಾಡ್ಕಂಡಿ?” ಎಂದಳು ಮೈಲಮ್ಮ.

“ಏನಿಲ್ಲಬೇ.”

“ನಿಮ್ಮಪ್ಪ ಇದ್ದಿದ್ರ ಇವತ್ತು ಬರ್ತಿದ್ದಿಲ್ಲ ನೋಡು. ಕುರಿ ಬಿಟ್ಟು ಹೆಂಗ ಬರ್ಲಿ ಅಂತಿದ್ದ.”

ನಿಜ. ಅಪ್ಪ ಯಾವ ಸನ್ಮಾನಕ್ಕೂ ಹೋಗುತ್ತಿರಲಿಲ್ಲ. ಮನೆಯಲ್ಲಿ ಆ ಆಲ್ಬಮ್ ಹಚ್ಚಿದರೆ ಎದ್ದು ಹೊರಗೆ ಹೋಗುತ್ತಿದ್ದ. ಎಂಥ ನಮ್ರ ಮನುಷ್ಯ, ತನ್ನ ಹೊಗಳಿಕೆ ತಾನೇ ಕೇಳಲಾರ ಎಂದು ಜನ ಇನ್ನೂ ಹೊಗಳುತ್ತಿದ್ದರು. ಬೀರಲಿಂಗೇಶ ಆರೋ ಏಳೋ ವರ್ಷದವನಿದ್ದಾಗ, ಊರ ಗುಡಿಯ ಮೈಕಿನಲ್ಲಿ ಆ ಕೊಳಲು ಅಡವಿಯವರೆಗೆ ಕೇಳುತ್ತಿತ್ತು. ಅಪ್ಪನ ಕುರಿಗಳು ಅಪ್ಪನ ಕೊಳಲಿಗೆ ಎಲ್ಲಿದ್ದರೂ ತಲೆಯೆತ್ತುತ್ತಿದ್ದವು. ಎರಡು ಸ್ವರ ಊದಿದರೆ ಸಾಕು, ಮೇವು ಬಿಟ್ಟು ಇತ್ತ ತಿರುಗುತ್ತಿದ್ದವು. ಮೈಕಿನ ಕೊಳಲಿಗೆ ಒಂದು ಮರಿಯೂ ಕತ್ತು ಎತ್ತಲಿಲ್ಲ. “ಯಪ್ಪಾ, ಅದು ನಿಂದಾ ಅಲ್ಲೇನು, ಕುರಿ ಯಾಕ ನೋಡವಲ್ವು?” ಎಂದು ಹುಡುಗ ಕೇಳಿದ. ಅಪ್ಪ ಬಾರಿಸಿದ ಏಟಿಗೆ ಕಿವಿ ಗುಂಯ್‌ಗುಟ್ಟಿತು. ಯಾಕೆ ಹೊಡೆದನೆಂದು ಆಗ ತಿಳಿಯಲಿಲ್ಲ, ಅಪ್ಪ ಹೇಳಲೂ ಇಲ್ಲ. ಬರೀ ತನ್ನ ಕಿವಿಯನ್ನೇ ಹಿಡಿದುಕೊಂಡು ಅತ್ತದ್ದು ನೆನಪಿತ್ತು. ಈಗ ಎಲ್ಲ ತಿಳಿಯುತ್ತಿತ್ತು, ತಿಳಿದದ್ದರಿಂದ ಯಾರಿಗೂ ಉಪಕಾರವಿರಲಿಲ್ಲ. ಆಲ್ಬಮ್ ರೆಕಾರ್ಡಾದ ದೊಡ್ಡ ಊರಿನ ಸ್ಟುಡಿಯೋವನ್ನು ಅವನು ಕಣ್ಣಾರೆ ಕಂಡವನಂತೆ ಎಷ್ಟೋ ಸಲ ಕಟ್ಟಿಕೊಂಡಿದ್ದ. ಅಪ್ಪ ತಾನೇ ಬಿದಿರು ಕಡಿದು, ಕಾಸಿದ ಕಬ್ಬಿಣದಲ್ಲಿ ತೂತು ಸುಟ್ಟು ಮಾಡಿಕೊಂಡ ಕೊಳಲು. ಅದರ ಶ್ರುತಿ ಅದಕ್ಕೇ ಗೊತ್ತು, ಹಾರ್ಮೋನಿಯಂಗೆ ಹೇಗೆ ಹೊಂದೀತು? ಗಾಜಿನ ಆಚೆ ಕೂತವರು ಇನ್ನೊಮ್ಮೆ ಇನ್ನೊಮ್ಮೆ ಎಂದು ಊದಿಸಿದ್ದಾರೆ. ಹಗಲೆಲ್ಲ ಊದಿ ಅಪ್ಪನ ತುಟಿ ಒಡೆದಿದೆ. ಕೊನೆಗೆ, ಹೊರಗೆ ಹೋಗಿ ಚಹಾ ಕುಡಿದು ಬಾ ಅಜ್ಜಯ್ಯ ಎಂದಿದ್ದಾರೆ, ಅವನು ಚಹಾ ಕುಡಿದು ಬರುವಷ್ಟರಲ್ಲಿ ಯಾರದೋ ಬೆರಳು ಕೆಲಸ ಮುಗಿಸಿದೆ. ಹೆಸರು ಮಾತ್ರ ಪಾಪ ಇರಲಿ ಎಂದು ಉಳಿಸಿದ್ದಾರೆ. ಹೀಗೇ ಆಯಿತೋ, ಬೇರೆ ರೀತಿ ಆಯಿತೋ, ಯಾರಿಗೆ ಗೊತ್ತು. ಆದರೆ ಕ್ಯಾಸೆಟ್ಟು ಮನೆಗೆ ಬಂದ ದಿನ ಊರವರ ನಡುವೆ ಕೂತು ಅದನ್ನು ಮೊದಲ ಸಲ ಕೇಳಿದಾಗ ಅಪ್ಪನ ಮುಖ ಹೇಗಿದ್ದಿರಬಹುದು ಎಂಬುದನ್ನು ಮಾತ್ರ ಅವನಿಗೆ ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ.

ಕನಿಕರ ಅಷ್ಟಕ್ಕೇ ನಿಂತಿದ್ದರೆ ಬೀರಲಿಂಗೇಶ ಒಳ್ಳೆಯ ಮಗನಾಗಿರುತ್ತಿದ್ದ. ಅದರ ತಳದಲ್ಲಿ ಇನ್ನೊಂದು ಇತ್ತು, ಅದು ಅವನಿಗೂ ಗೊತ್ತಿತ್ತು. ಅಪ್ಪ ಅವನ ವಾದ್ಯವನ್ನು ಒಂದು ದಿನವೂ ಕಿವಿಗೊಟ್ಟು ಕೇಳಿದವನಲ್ಲ. “ಉಸಿರಿಲ್ಲದ ಪೆಟ್ಟಿಗಿ” ಎನ್ನುತ್ತಿದ್ದ. ಮನೆಗೆ ಮೊದಲ ಕೀಬೋರ್ಡು ತಂದ ದಿನ, ಓಣಿಯ ಹೆಂಗಸರೆಲ್ಲ ಸುತ್ತ ನಿಂತು ನೋಡುತ್ತಿದ್ದಾಗ, ಅಪ್ಪ ಬಾಗಿಲಲ್ಲೇ ನಿಂತು ಇದನ್ನು ಹಟ್ಟಿಯಾಚೆ ಇಡು ಎಂದಿದ್ದ. ದಮ್ಮು ಹತ್ತಿ ಅಪ್ಪ ಹಾಸಿಗೆ ಹಿಡಿದಾಗಲೂ ಇವನು ಹತ್ತಿರ ಕೂತದ್ದು ಕಡಿಮೆ. ಎರಡು ವರ್ಷದ ಹಿಂದೆ ಅಪ್ಪನ ಜೀವ ಹೋದಾಗ ಇವನು ಹರಪನಹಳ್ಳಿಯ ಮದುವೆಯೊಂದರಲ್ಲಿ ವಧೂವರರ ಮೆರವಣಿಗೆಗೆ ಕುಣಿಯುವ ಹಾಡು ಬಾರಿಸುತ್ತಿದ್ದ. ಫೋನು ಚೀಲದಲ್ಲಿತ್ತು. ಇಪ್ಪತ್ನಾಲ್ಕು ಒತ್ತಿದ ಆ ಬೆಳಿಗ್ಗೆ ಎದೆ ಒಡೆದದ್ದು ಹೌದು, ಆದರೆ ಅದಕ್ಕೂ ಒಂದು ಚಣ ಮುಂಚೆ ಒಳಗೆ ಯಾರೋ ಸಣ್ಣಗೆ ನಕ್ಕಿದ್ದರು. ಉಸಿರಿಲ್ಲದ ಪೆಟ್ಟಿಗೆಯ ಉಸಿರಿನ ಮೇಲೆಯೇ ಜೀವಮಾನವೆಲ್ಲ ದೊಡ್ಡವನೆನಿಸಿಕೊಂಡೆಯಲ್ಲ ಯಪ್ಪಾ ಎಂದು. ಆ ನಗೆ ತನ್ನದೇ ಎಂದು ಒಪ್ಪಿಕೊಳ್ಳಲು ಅವನಿಗೆ ಬಹಳ ದಿನ ಹಿಡಿಯಿತು.

ಭವನದ ಬಾಗಿಲಲ್ಲಿ ರಾಮಾಂಜನೇಯ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೈ ಚಾಚಿ ನಿಂತಿದ್ದ. ಮೈಲಮ್ಮನ ಕಾಲಿಗೆ ಬಿದ್ದ. “ಬರ್ರಿ ಯವ್ವಾ, ನಿಮ್ಮ ಕಾಲಧೂಳು ಬೀಳ್ಬೇಕಿತ್ತು ಇಲ್ಲಿ” ಎಂದ. ಬೀರಲಿಂಗೇಶನ ಕಡೆ ತಿರುಗಿ, “ಏನಪಾ, ಕುರಿಮರಿ ತಂದಂಗ ತಂದೀಯಲ್ಲ ಕಂಬಳ್ಯಾಗ! ಅಲ್ಲೆ ಸ್ಟೇಜಿನ ಮೂಲ್ಯಾಗ ಇಡು, ಬಂದೋರಿಗೆ ಕಾಲಿಗೆ ತೊಡರ್ತೈತಿ” ಎಂದ. ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ರುಮಾಲಿನ ಮುದುಕರು, ಹಿಂದೆ ಹೆಂಗಸರು, ಗೋಡೆಯ ಮೇಲೆ ಹಳದಿ ಬಟ್ಟೆ ಮುಚ್ಚಿದ ಚೌಕಟ್ಟು. ಅಡಿಗೆ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಬೀರಲಿಂಗೇಶ ಮೂಲೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಯಂತ್ರವನ್ನು ಅಡ್ಡಲಾಗಿ ಇಟ್ಟು, ಮೈಕಿನವನನ್ನು ಕಾಡಿ ಬೇಡಿ ಒಂದು ವೈರು ಪಡೆದು ಜೋಡಿಸಿದ. ಕುರ್ಚಿಯೊಂದು ಅಲ್ಲಾಡುತ್ತಿತ್ತು, ಅದರ ಕಾಲಿಗೆ ಆಮಂತ್ರಣ ಪತ್ರಿಕೆ ಮಡಚಿ ಕೊಟ್ಟ. ಹಸಿರು ಪರದೆ ಬೆಳಗಿತು. ಹದಿನೇಳು ಒತ್ತಿದ. ಸಣ್ಣಗೆ ಒಂದು ಸ್ವರ ಹಿಡಿದು ನೋಡಿದ, ಸರಿಯಾಗಿತ್ತು. ಕೈ ಒರೆಸಿಕೊಂಡು ಕೂತ.

ಭಾಷಣಗಳು ಆದವು. ಮೈಲಮ್ಮ ಹಗ್ಗ ಎಳೆದಳು, ಹಳದಿ ಬಟ್ಟೆ ಜಾರಿತು, ಅಪ್ಪ ಹೊರಬಂದ. ಕಲಾವಿದ ಅವನ ತುಟಿಗೆ ಕೊಳಲು ಹಿಡಿಸಿದ್ದ. ರೇಷನ್ ಕಾರ್ಡಿನ ಫೋಟೋ ನೋಡಿ ಬರೆದ ಮುಖ, ಆದ್ದರಿಂದ ಕೊಳಲು ಊದುತ್ತಿದ್ದರೂ ಕಣ್ಣುಗಳು ಯಾರಿಗೋ ಹೆದರಿದ ಹಾಗೆ ನೆಟ್ಟಗೆ ನೋಡುತ್ತಿದ್ದವು. ಮೈಲಮ್ಮ ಮಲ್ಲಿಗೆ ದಂಡೆ ಏರಿಸಿದಳು. ಅವಳನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ ರಾಮಾಂಜನೇಯ ಮೈಕು ಹಿಡಿದ. ಅಜ್ಜಯ್ಯನಂಥ ಉಸಿರು ಇನ್ನೊಂದು ಸಲ ಈ ನೆಲದಲ್ಲಿ ಹುಟ್ಟುವುದಿಲ್ಲ ಎಂದ. ಅವನು ಊದಿದರೆ ಕುರಿಗಾಹಿಗಳ ದೇವರು ಬೀರಪ್ಪನೇ ಕಂಬಳಿ ಹೊದ್ದು ಬಂದು ಕೂರುತ್ತಿದ್ದ ಎಂದ. ಆಮೇಲೆ ಸಭೆಯನ್ನು ಸ್ವಲ್ಪ ನಗಿಸಬೇಕೆನ್ನಿಸಿತೋ ಏನೋ, ಮೂಲೆಯ ಕಡೆ ಕೈ ತೋರಿಸಿದ.

“ಈಗಿನ ಹುಡುಗ್ರು ನೋಡ್ರಿ, ಕರೆಂಟಿನ ಪೆಟ್ಟಿಗಿ ಬಾರಸ್ತಾರ. ಕರೆಂಟ್ ಹೋದ್ರ ಇವರ ಸಂಗೀತನೂ ಹೋತು! ಅಪ್ಪನ ಉಸಿರೆಲ್ಲಿ, ಮಗನ ಸ್ವಿಚ್ಚೆಲ್ಲಿ? ಆದ್ರೂ ನಮ್ಮ ಹುಡುಗ, ಬಾರ್ಸಲಿ. ಬಾರ್ಸಪ ಬೀರಲಿಂಗೇಶ, ನಿನಗ ಬಂದಷ್ಟು.”

ಸಭೆ ನಕ್ಕಿತು. ಬಸ್ಸಿನವರೂ ಹೀಗೇ ನಕ್ಕಿದ್ದರು. ಬೀರಲಿಂಗೇಶ ತಾನೂ ನಗಲು ತುಟಿ ಬಿಚ್ಚಲು ಹೋದ, ಅದು ಬಿಚ್ಚಲಿಲ್ಲ. ಮುಂದಿನ ಸಾಲಿನಲ್ಲಿ ಮೈಲಮ್ಮ ಕೂಡ ನಗುತ್ತಿದ್ದುದು ಕಾಣಿಸಿತು, ಎಲ್ಲರೂ ನಗುತ್ತಿದ್ದಾರಲ್ಲ ಎಂದು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಇವರ್ಯಾರಿಗೂ ಗೊತ್ತಿಲ್ಲ. ಹತ್ತಿರ ಹತ್ತಿರ ನಲವತ್ತು ವರ್ಷದಿಂದ ಇವರು ಕೈಮುಗಿದು ಕೇಳುತ್ತಿರುವುದು ಸ್ವಿಚ್ಚನ್ನೇ ಎಂದು ತನಗೊಬ್ಬನಿಗೇ ಗೊತ್ತು, ಗೊತ್ತಿದ್ದೂ ತಾನೊಬ್ಬನೇ ತಲೆ ತಗ್ಗಿಸಿ ಕೂರಬೇಕು. ಗೋಡೆಯ ಮೇಲಿನ ಕಣ್ಣುಗಳು ಅವನನ್ನೇ ನೋಡಿದವು. ಹಟ್ಟಿಯಾಚೆ ಇಡು. ಬಲಗೈಯ ತೋರುಬೆರಳು ಚಪ್ಪಟೆ ಗುಂಡಿಗಳ ಕೆಳಗಿನ ಸಾಲಿನಲ್ಲಿ ಹದಿನೇಳರಿಂದ ಬಲಕ್ಕೆ ಸರಿದದ್ದನ್ನು ಅವನು ಕಂಡ, ತಡೆಯಬಹುದಿತ್ತು, ತಡೆಯಲಿಲ್ಲ. ಇಪ್ಪತ್ನಾಲ್ಕು ಒತ್ತಿದ. ಮೊದಲ ಸ್ವರ ಹಿಡಿದ.

ನಗೆ ಅಲ್ಲಲ್ಲೇ ಸತ್ತಿತು. ರುಮಾಲಿನ ಮುದುಕನೊಬ್ಬ ಗೋಡೆಯ ಚಿತ್ರದ ಕಡೆ ಕತ್ತು ಹೊರಳಿಸಿದ. ಬೀರಲಿಂಗೇಶ ನುಡಿಸುತ್ತ ಹೋದ, ಆಲ್ಬಮ್ಮಿನಲ್ಲಿ ಇದ್ದ ಹಾಗೆಯೇ, ಒಂದು ಕೂದಲೆಳೆಯೂ ಆಚೀಚೆ ಆಗದ ಹಾಗೆ. ಈಗ ತಿಳಿಯುತ್ತದೆ ಇವರಿಗೆ. ಈಗ ಯಾರಾದರೂ ಎದ್ದು ನಿಂತು, ಇದೇನು, ಅದೂ ಇದೂ ಒಂದೇ ಅಲ್ಲವೇ ಎಂದು ಕೇಳುತ್ತಾರೆ. ಯಾರೂ ಕೇಳಲಿಲ್ಲ. ಹೆಂಗಸರ ಸಾಲಿನಲ್ಲಿ ಯಾರೋ ಬಿಕ್ಕಿದರು. ರುಮಾಲಿನ ಮುದುಕ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡ. ಮುಗಿಸಿ ಕೈ ತೆಗೆದಾಗ ರಾಮಾಂಜನೇಯ ಓಡಿ ಬಂದು ಅವನನ್ನು ತಬ್ಬಿಕೊಂಡು, ಅಳುತ್ತಲೇ ಮೈಕಿಗೆ ಕೂಗಿದ: “ನಾ ತಪ್ಪು ಅಂದೆ, ಹೊಟ್ಟಿಗೆ ಹಾಕ್ಯಳ್ರಿ! ಅಪ್ಪನ ಉಸಿರು ಮಗನ ಬೆರಳಿಗೆ ಇಳದೈತಿ! ಅಜ್ಜಯ್ಯ ಸತ್ತಿಲ್ಲ!” ಚಪ್ಪಾಳೆ ನಿಲ್ಲಲೇ ಇಲ್ಲ. ಶಾಲು ಹೊದಿಸಿದರು, ಪೇಟ ಇಟ್ಟರು. ಇಷ್ಟು ಚಪ್ಪಾಳೆ ಅವನ ಜೀವನದಲ್ಲಿ ಬಿದ್ದಿರಲಿಲ್ಲ. ಅಪ್ಪ ಹೊತ್ತು ತಿರುಗಿದ ಸುಳ್ಳನ್ನು ಒಡೆಯಲು ಹೋಗಿ ತಾನೇ ಅದನ್ನು ತಲೆಯ ಮೇಲೆ ಇಟ್ಟುಕೊಂಡು ಕೂತಿದ್ದೇನೆ ಎಂದು ಅವನಿಗೆ ಗೊತ್ತಾಯಿತು. ತಾಯಿಯ ಕಡೆ ನೋಡಲು ಧೈರ್ಯ ಬರಲಿಲ್ಲ. ನೋಡಿದಾಗ ಅವಳು ಅವನ ಮುಖವನ್ನಾಗಲಿ ಚಿತ್ರವನ್ನಾಗಲಿ ನೋಡುತ್ತಿರಲಿಲ್ಲ. ಯಂತ್ರದ ಮೇಲೆ ಬಿದ್ದುಕೊಂಡಿದ್ದ ಅವನ ಬೆರಳುಗಳನ್ನು ನೋಡುತ್ತಿದ್ದಳು.

ಊಟಕ್ಕೆ ಎಲೆ ಹಾಕಿದ್ದೇ ಸಭೆ ಖಾಲಿಯಾಯಿತು. ಮೈಲಮ್ಮನನ್ನು ಕರೆಯಲು ಬಂದವರಿಗೆ ಅವಳು ಆಮೇಲೆ ಬರುತ್ತೇನೆಂದು ಹೇಳಿ ಕಳಿಸಿದಳು. ಮೆಟ್ಟಿಲಿಗೆ ಕೈ ಊರಿ ಸ್ಟೇಜು ಹತ್ತಿದಳು. ಬೀರಲಿಂಗೇಶ ಆತುರದಲ್ಲಿ ಕಂಬಳಿ ಹರಡುತ್ತಿದ್ದ.

“ಇರಲಿ, ಸುತ್ತಬ್ಯಾಡ. ಇನ್ನೊಂದ್ಸಲ ಒತ್ತು.”

“ಉಣ್ಣಾಕ ಕರಿಯಾಕ ಹತ್ಯಾರಬೇ, ನಡಿ.”

“ಒತ್ತಲೇ.”

ಅವನು ಹದಿನೇಳು ಮುಟ್ಟಿ ಒಂದು ಸ್ವರ ಒತ್ತಿದ. ಆರ್ಗನ್ನು ನುಡಿಯಿತು.

“ಇದಲ್ಲ. ನಿಮ್ಮಪ್ಪಂದು.”

ಅವಳು ಕಾಯುತ್ತಿದ್ದಳು. ಬೇರೆ ದಾರಿ ಇರಲಿಲ್ಲ, ಇಪ್ಪತ್ನಾಲ್ಕು ಒತ್ತಿದ. ಸ್ವರ ಹಿಡಿಯಲು ಕೈ ಚಾಚುವಷ್ಟರಲ್ಲಿ ಅವಳು ಅವನ ಕೈಯನ್ನು ಪಕ್ಕಕ್ಕೆ ಸರಿಸಿ, ಹುಲ್ಲು ಕೊಯ್ದು ಕೊಯ್ದು ಉಗುರು ಕಪ್ಪಾದ ತನ್ನ ಬೆರಳನ್ನು ಬಿಳಿ ಮಣೆಯೊಂದರ ಮೇಲೆ ಇಟ್ಟು ಒತ್ತಿದಳು. ಫೂ ಎಂದು ಸಣ್ಣ ಉಸಿರು ಬಂತು, ಸ್ವರ ಬಂತು, ಬರುವ ಜಾಗದಲ್ಲೇ ನಡುಕ ಬಂತು. ಅವಳು ಬೆರಳು ತೆಗೆಯಲಿಲ್ಲ. ಸ್ವರವೂ ನಿಲ್ಲಲಿಲ್ಲ.

“ನನ್ನ ಬೆರಳಿಗೂ ಬರತೈತಲ್ಲೋ” ಎಂದಳು.

“ಯವ್ವಾ, ಇದು ಬರೇ ಅಂಥಾ ಶಬ್ದ ಅಷ್ಟ. ಅಪ್ಪನದ ನೋಡಿ ಮಾಡಿದ್ದು ಇರಬೌದು…” ಅವನಿಗೆ ಸುಳ್ಳು ಹೇಳಲೂ ಬರಲಿಲ್ಲ. ಬೆಳಗಿನಿಂದ ಇದನ್ನೇ ತಪ್ಪಿಸಲು ಒದ್ದಾಡಿದ್ದ, ತಪ್ಪಿಸಬೇಕಾದ ಹೊತ್ತಿನಲ್ಲಿ ತಾನೇ ಕೈಯಾರೆ ತೆಗೆದು ಅವಳ ಮುಂದೆ ಇಟ್ಟಿದ್ದ.

“ಆತ ಊದಿದ್ದು ಇದರಾಗ ಎಲ್ಲೂ ಇಲ್ಲೇನು?”

“ಇಲ್ಲಬೇ.”

“ಆತಗ ಗೊತ್ತಿತ್ತೇನು?”

“ಗೊತ್ತಿರದಂಗ ಇರ್ತೈತೇನಬೇ? ತಾನು ಊದಿದ್ದು ತನಗ ತಿಳಿಯಲ್ಲೇನು?”

ಅವಳು ಅಳುತ್ತಾಳೆ ಎಂದುಕೊಂಡ, ಬಯ್ಯುತ್ತಾಳೆ ಎಂದುಕೊಂಡ. ಎರಡಕ್ಕೂ ಅವನು ಸಿದ್ಧನಾಗಿದ್ದ. ಅವಳು ಲೆಕ್ಕ ತಪ್ಪಿದವಳ ಹಾಗೆ ಹುಬ್ಬು ಗಂಟಿಕ್ಕಿ ಏನನ್ನೋ ಹಿಂದಕ್ಕೆ ಹಿಂದಕ್ಕೆ ಹುಡುಕುತ್ತಿದ್ದಳು. ಊಟದ ಮನೆಯಲ್ಲಿ ಯಾರೋ ಸಾರು ಸಾರು ಎಂದು ಕೂಗುತ್ತಿದ್ದರು. ಬೆರಳ ಕೆಳಗೆ ಕೊಳಲು ಒಂದೇ ಸಮನೆ ನುಡಿಯುತ್ತಿತ್ತು.

“ಜೀವ ಹೋಗೋ ದಿನ ನೀ ಇದ್ದಿಲ್ಲ” ಎಂದಳು ಮೈಲಮ್ಮ. “ದಮ್ಮು ಹತ್ತಿ ಮಾತು ನಿಂತಿತ್ತು ಆತಗ. ಒಬ್ಬಾಕಿನ ಇದ್ದೆ, ನನಗ ಏನ್ ಮಾಡ್ಬೇಕು ತಿಳೀಲಿಲ್ಲ. ಆತಂದು ಆತ ಕೇಳ್ಕೋತ ಹೋಗಲಿ ಅಂತ ಆ ಕ್ಯಾಸೆಟ್ಟು ಹಚ್ಚಿ ಕಿವಿ ಹತ್ರ ಇಟ್ಟೆ. ಕಣ್ಣು ತೆಗೆದ. ನನ್ನ ಕಡೆ ನೋಡಿ ಕೈ ಮುಗಿದ. ಕೈ ಬಿತ್ತು, ಮತ್ತ ಎತ್ತಿ ಮುಗಿದ.”

ಬೀರಲಿಂಗೇಶ ಅವಳ ತೋಳು ಹಿಡಿಯಲು ಹೋದ. ಅವಳು ಬಿಡಿಸಿಕೊಂಡಳು.

“ದೇವರಿಗೆ ಮುಗೀತಾನ ಅನ್ಕಂಡೆನಲ್ಲೋ ನಾನು. ಸೌಂಡ್ ಇನ್ನಾ ಜಾಸ್ತಿ ಮಾಡ್ದೆ.”